ಚಟ್ನಿಯ ಹೆಸರು ಯಾರೂ ಹೇಳದ ಮನೆ

ಸ್ಪೇಸ್ ಬಾರಿನ ಕೆಳಗೆ ಒಂದು ಅಗಸಿ ಕಾಳು ಹೊಕ್ಕಿತ್ತು. ಎರಡು ಪದಗಳ ನಡುವೆ ಜಾಗ ಬಿಟ್ಟಾಗಲೆಲ್ಲ ‘ಚಿಟ್’ ಎನ್ನುತ್ತಿತ್ತು. ಲ್ಯಾಪ್‌ಟಾಪನ್ನು ಬೋರಲು ಹಾಕಿ ಬೆನ್ನು ತಟ್ಟಿದೆ, ಹೇರ್‌ಪಿನ್ನಿನಿಂದ ಕೆದಕಿದೆ, ಊದಿದೆ. ಕಾಳು ಇನ್ನಷ್ಟು ಒಳಗೆ ಸರಿದು ಸುಖವಾಗಿ ಕುಳಿತಿತು. ಆಮೇಲೆ ಅದರ ತಂಟೆಗೆ ಹೋಗಲಿಲ್ಲ. ಚಿಗವ್ವನ ಮಾತುಗಳನ್ನೆಲ್ಲ ನಾನು ಟೈಪು ಮಾಡಿದ್ದು ಆ ಚಿಟ್ ಚಿಟ್ ನಡುವೆಯೇ. ಬಾಣಲೆಯಲ್ಲಿ ಅಗಸಿ ಸಿಡಿಯುವ ಸದ್ದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಆ ಕಾಳು ಹಾನಗಲ್ಲಿನ ನಮ್ಮ ಕಾಕಾನ ಮನೆಯದು. ಕಾಕಾ ಅಂದರೆ ಅಪ್ಪನ ತಮ್ಮ. ಅವನ ಹೆಂಡತಿ ನನಗೆ ಚಿಗವ್ವ. ಅವರ ಮನೆಯ ಮುಂದಿನ ಖೋಲಿಯಲ್ಲಿ, ಅಂದರೆ ಕೋಣೆಯಲ್ಲಿ, ಚಿಗವ್ವ ಮತ್ತು ಬಾಜೂ ಮನೆಯ ಅಕ್ಕ ಸೇರಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಪೊಟ್ಟಣ ಕಟ್ಟುತ್ತಾರೆ. ಜೊತೆಗೆ ಖಡಕ್ ರೊಟ್ಟಿ. ಮೊದಲು ಇದೆಲ್ಲ ಒಳಗಿನ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಮೆಣಸಿನಕಾಯಿ ಹುರಿದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ, ಕಾಕಾನ ತಾಯಿ, ಅಂದರೆ ನಮ್ಮ ಆಯಿ, “ಚಟ್ನಿ ಇರಬೇಕು, ಇಲ್ಲಾ ನಾ ಇರಬೇಕು” ಎಂದು ಹಟ ಹಿಡಿದ ಮೇಲೆ ಕಾಕಾ ಮುಂದಿನ ಖೋಲಿ ಬಿಟ್ಟುಕೊಟ್ಟ. ಅದು ಗೋವಿನಜೋಳದ ಚೀಲ ಒಟ್ಟುವ ಖೋಲಿ. ಬೇಸಿಗೆಯಲ್ಲಿ ಖಾಲಿ ಇತ್ತು.

“ಗೋವಿನಜೋಳದ ಪೀಕ ಮನಿಗೆ ಬರೂತನಕ ಖೋಲಿ ನಿಂದು,” ಎಂದ ಕಾಕಾ. “ಅಷ್ಟರಾಗ ಹೊರಗಿನೂರಿಂದ ಒಂದರ ದೊಡ್ಡ ಆರ್ಡರ್ ತರಸು, ಖೋಲಿ ಕಾಯಂ ನಿಂದ. ಬರಲಿಲ್ಲಂದ್ರ ಚೀಲಾ ಒಳಗ, ನಿನ್ನ ಕುಟ್ಟೂ ಒಳ್ಳ ಹೊರಗ.”

ಚಿಗವ್ವ ಅದಕ್ಕೆ ಒಪ್ಪಿಬಿಟ್ಟಳು. ಒಪ್ಪಿದ ಮೇಲೆ ನನಗೆ ಫೋನು ಮಾಡಿದಳು.

ನಾನಿರುವುದು ಶಿಗ್ಗಾಂವಿಯಲ್ಲಿ, ಅಪ್ಪ ಅವ್ವನ ಜೊತೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು ಮನೆಯಲ್ಲೇ ಕುಳಿತು ಬೇರೆ ಬೇರೆ ಅಂಗಡಿಗಳ ವೆಬ್‌ಸೈಟುಗಳಿಗೆ ಬರೆಯುತ್ತೇನೆ. ಯಾರಾದರೂ ಸರ್ಚ್ ಮಾಡಿದಾಗ ಆ ಅಂಗಡಿ ಹತ್ತನೇ ಪುಟದಲ್ಲಿ ಅಲ್ಲ, ಮೊದಲನೇ ಪುಟದಲ್ಲಿ ಕಾಣಬೇಕು. ಅದಕ್ಕೆ ಏನು ಬರೆಯಬೇಕು, ಎಲ್ಲಿ ಬರೆಯಬೇಕು ಎಂಬುದೇ ನನ್ನ ಕೆಲಸ. ಮನೆಯಲ್ಲಿ ಯಾರಿಗೂ ಇದು ಪೂರಾ ಅರ್ಥವಾಗಿಲ್ಲ. ಬಿಡಿಸಿ ಹೇಳುವ ಉಮೇದೂ ನನಗಿರಲಿಲ್ಲ. ಹೆಚ್ಚು ಮಾತಾಡುವ ಪೈಕಿ ನಾನಲ್ಲ.

ಚಿಗವ್ವನಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಭಾನುವಾರಗಳಂದು ಬಂಕಾಪುರದ ಮೇಲಿಂದ ಹಾನಗಲ್ಲಿಗೆ ಹೋಗಿ, ಫೋನನ್ನು ಸ್ಟ್ಯಾಂಡಿಗೆ ಸಿಗಿಸಿ, ಅವಳು ಚಟ್ನಿ ಮಾಡುವ ವಿಡಿಯೊ ತೆಗೆದೆ. ಚಿಗವ್ವ ಕ್ಯಾಮೆರಾದ ಮುಂದೆ ಕೊಂಚವೂ ಅಳುಕುವವಳಲ್ಲ. ನೋಡಿದವರೆಲ್ಲ ನಗುತ್ತಿದ್ದರು. ಆದರೆ ನೋಡಿದವರೆಲ್ಲ ನಮ್ಮ ನೆಂಟರೇ.

“ಇಷ್ಟ ಚಂದ ವಿಡಿಯೊ ಮಾಡೇವಿ. ಯಾಕ ಹೊರಗಿನವರು ಒಬ್ಬರೂ ಬರವಲ್ರು?” ಎಂದಳು ಒಂದು ದಿನ.

“ಹುಡುಕೂದು ಯಂತ್ರ, ಚಿಗವ್ವ. ಅದು ಅಕ್ಷರ ಓದತೈತಿ. ವಿಡಿಯೊದಾಗ ನೀ ಆಡೂ ಮಾತು ಅದಕ್ಕ ಸರಿಯಾಗಿ ತಿಳಿಯಂಗಿಲ್ಲ. ನೀ ಆಡಿದ್ದನ್ನೆಲ್ಲಾ ಬರದು ವಿಡಿಯೊ ಕೆಳಗ ಇಟ್ರ, ಅದನ್ನ ಓದಿ ಮಂದಿಗೆ ತೋರಸತೈತಿ.”

“ಅಂದ್ರ ಕಿವುಡ ಐತಿ ಅನ್ನು.”

“ಹಂಗ ತಿಳ್ಕೊ.”

“ನಮ್ಮ ಅತ್ತಿಯಂಗ.”

ಒಳಗಿನಿಂದ ಆಯಿಯ ಧ್ವನಿ ಬಂತು: “ನನಗ ಎಲ್ಲಾ ಕೇಳಸಾಕತ್ತೈತಿ!”

ಹೀಗೆ ನಾನು ಚಿಗವ್ವನ ಮಾತು ಬರೆಯಲು ಕುಳಿತೆ. ಯಂತ್ರವೇ ಕೇಳಿಸಿಕೊಂಡು ಬರೆದುಕೊಡುವ ಸೌಲಭ್ಯವೂ ಇದೆ, ಆದರೆ ಹಾನಗಲ್ಲಿನ ಮಾತಿನ ಓಟಕ್ಕೆ ಅದು ಮೊದಲ ವಾಕ್ಯದಲ್ಲೇ ಸುಸ್ತಾಗಿ ಕೈಚೆಲ್ಲಿತು. ನನ್ನದೊಂದು ನಿಯಮವಿತ್ತು. ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು. ಆಡದ್ದನ್ನು ಒಂದು ಪದವೂ ಸೇರಿಸಬಾರದು. ಕೆಲವರು ಹುಡುಕುವವರನ್ನು ಎಳೆಯಲು ಒಂದೇ ಪದವನ್ನು ಮತ್ತೆ ಮತ್ತೆ ತುರುಕುತ್ತಾರೆ, ಚೀಲಕ್ಕೆ ಹೊಟ್ಟು ತುರುಕಿದ ಹಾಗೆ. ನನ್ನ ಕೈ ಆ ಕೆಲಸಕ್ಕೆ ಒಗ್ಗಿಲ್ಲ. ಇನ್ನೊಂದು ನಿಯಮ, ಕ್ಯಾಮೆರಾದ ಹಿಂದಿನಿಂದ ನಾನು ಆಡಿದ ಮಾತು ಬರೆಯುವುದಿಲ್ಲ. ಅದು ಯಾರಿಗೂ ಬೇಕಾಗಿಲ್ಲ ಎಂದುಕೊಂಡಿದ್ದೆ.

ಮೊದಲ ವಿಡಿಯೊ ಬರೆದು ಮುಗಿಸಿ ಓದಿದಾಗ ಹೀಗಿತ್ತು:

“ಇದನ್ನ ಇಷ್ಟು ತಗೋರಿ. ಅದನ್ನ ಇಷ್ಟು. ಹಿಂಗ ಹುರೀರಿ. ಹಿಂಗಲ್ರೀ, ಹಿಂಗ. ಇಷ್ಟ ಕೆಂಪಾದ ಮ್ಯಾಲ ಇದರಾಗ ಹಾಕಿ ಹಂಗ ಕುಟ್ರಿ. ಇದು ಇಷ್ಟು ಸಣ್ಣ ಆಗಬೇಕ ನೋಡ್ರಿ. ಏ, ಆ ಬೆಕ್ಕ ಓಡಸ.”

ಚಿಗವ್ವ ಮತ್ತು ಬಾಜೂ ಮನೆಯ ಅಕ್ಕನ ಮುಂದೆ ಇದನ್ನು ಗಟ್ಟಿಯಾಗಿ ಓದಿದೆ. ನನ್ನ ಧ್ವನಿಯಲ್ಲಿ ಏರಿಳಿತವಿಲ್ಲ. ವಾರ್ತೆ ಓದಿದ ಹಾಗೆ ಓದುತ್ತೇನೆ. ಅದಕ್ಕೇ ಇರಬೇಕು, ‘ಬೆಕ್ಕ ಓಡಸ’ ಎಂಬಲ್ಲಿಗೆ ಬರುವಷ್ಟರಲ್ಲಿ ಇಬ್ಬರೂ ಮೊರದ ಮೇಲೆ ಬಿದ್ದು ನಗುತ್ತಿದ್ದರು.

“ಯಕ್ಕಾ, ಇಡೀ ಅಡಗ್ಯಾಗ ಹೆಸರ ಇರೂದು ಬೆಕ್ಕಿಂದಷ್ಟ!” ಎಂದಳು ಬಾಜೂ ಮನೆಯ ಅಕ್ಕ.

“ಇಷ್ಟು ಅಂದ್ರ ಎಷ್ಟು, ಚಿಗವ್ವ?” ಎಂದೆ.

ಚಿಗವ್ವ ಅಂಗೈ ಮಡಚಿ ತೋರಿಸಿದಳು. “ಇಷ್ಟು.”

ಆಮೇಲೆ ಕಲಿತಳು. ಮುಂದಿನ ವಿಡಿಯೊದಲ್ಲಿ “ಒಂದ ಬೊಗಸಿ ಅಗಸಿ ತಗೋರಿ” ಎಂದು ಬೊಗಸೆಯ ಜೊತೆಗೆ ಹೆಸರನ್ನೂ ಹೇಳಿದಳು. ಒಣಕೊಬ್ಬರಿ, ಬಳ್ಳೊಳ್ಳಿ, ಬೆಲ್ಲ, ಹುಣಸಿ, ಎಲ್ಲಕ್ಕೂ ಹೆಸರು ಬಂತು. ಬರೆದ ಪುಟ ತುಂಬಿತು, ನನಗೂ ತೃಪ್ತಿಯಾಯಿತು. ಒಂದೇ ಒಂದು ಹೆಸರು ಮಾತ್ರ ಬರಲಿಲ್ಲ. ಚಟ್ನಿಯದೇ ಹೆಸರು.

ಚಟ್ನಿಗೆ ಕಾಕಾನ ಹೆಸರು ಇಟ್ಟಿದ್ದಾರೆ. ಇಟ್ಟವಳು ಚಿಗವ್ವನೇ. ಪೊಟ್ಟಣ ಅಚ್ಚು ಹಾಕಿಸಲು ಹೋದಾಗಲೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಮನೆಯ ಕರೆಂಟ್ ಬಿಲ್ ಒಯ್ದು, “ಇದರ ಮ್ಯಾಲ ಇರೂ ಹೆಸರ ಹಾಕ್ರಿ” ಎಂದು ತೋರಿಸಿ ಬಂದಳಂತೆ. ಅಚ್ಚಿನವರು ಮೀಟರಿನ ನಂಬರನ್ನೂ ಹಾಕಬೇಕೋ ಎಂದು ಕೇಳಿದ್ದು ಬೇರೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ವಿಡಿಯೊದಲ್ಲಿ ಚಿಗವ್ವ ಚಟ್ನಿಯನ್ನು “ನಮ್ಮ ಮನ್ಯಾರ ಚಟ್ನಿ”, “ಅವರ ಚಟ್ನಿ”, ಬಹಳ ಉತ್ಸಾಹ ಬಂದರೆ “ಅಲ್ಲಿ ಕಟ್ಟಿ ಮ್ಯಾಲ ಕುಂತಾರಲ್ಲ, ಅವರ ಚಟ್ನಿ” ಎನ್ನುತ್ತಿದ್ದಳು. ನಾನು ಹಾಗೇ ಬರೆಯುತ್ತಿದ್ದೆ.

ಇದರ ಫಲ ಏನಾಯಿತೆಂದು ತಿಳಿದದ್ದು ಸವಣೂರಿನಿಂದ. ಬಾಜೂ ಮನೆಯ ಅಕ್ಕನ ತವರು ಅದು. ಅವಳ ಅಣ್ಣನ ಹೆಂಡತಿ ಯಾರದೋ ಮನೆಯಲ್ಲಿ ನಮ್ಮ ಚಟ್ನಿ ತಿಂದು, ಪೊಟ್ಟಣದ ಹೆಸರು ನೆನಪಿಟ್ಟುಕೊಂಡು ಸರ್ಚ್ ಮಾಡಿದಳಂತೆ. ಕಾಕಾನದು ದೇವರ ಹೆಸರು, ನಾಡಿನಲ್ಲಿ ಅರ್ಧ ಜನಕ್ಕಿರುವಂಥದು. “ಮದಲ ಗುಡಿ ಬಂತು. ಆಮ್ಯಾಲ ಬೋರ್‌ವೆಲ್ ಅಂಗಡಿ ಬಂತು. ಆಮ್ಯಾಲ ಹಲ್ಲಿನ ಡಾಕ್ಟರ್ ಬಂದ್ರು. ಚಟ್ನಿ ಬರಲೇ ಇಲ್ಲ ನೋಡ್ರಿ,” ಎಂದು ಫೋನಿನಲ್ಲಿ ದೂರಿದಳು.

ಹೊಲದಲ್ಲಿ ಗೋವಿನಜೋಳ ಆಗಲೇ ತೆನೆ ಬಿಟ್ಟಿತ್ತು. ಕಾಕಾ ದಿನಾ ಸಂಜೆ ಹೊಲದಿಂದ ಬಂದು, ಖೋಲಿಯ ಬಾಗಿಲಲ್ಲಿ ನಿಂತು, ಕಣ್ಣಿನಲ್ಲೇ ಗೋಡೆ ಅಳೆದು, ಮೀಸೆ ತಿರುವಿ ಒಳಗೆ ಹೋಗುತ್ತಿದ್ದ. ಬೈಗುಳಕ್ಕಿಂತ ಅದೇ ಕೆಟ್ಟದು ಎಂದು ಚಿಗವ್ವ ಹೇಳುತ್ತಿದ್ದಳು.

“ಚಿಗವ್ವ, ಒಮ್ಮೆ ಹೆಸರ ಹೇಳು. ವಿಡಿಯೊದಾಗ ನೀ ಹೇಳಿದ್ರ ನಾ ಬರೀತೇನಿ. ಹೆಸರು, ಚಟ್ನಿ, ಹಾನಗಲ್ಲ, ಮೂರೂ ಒಂದ ಕಡೆ ಕೂಡಿದ್ರ ಹಲ್ಲಿನ ಡಾಕ್ಟರ್‌ನ ಹಿಂದ ಹಾಕಬಹುದು.”

“ನೀನ ಬರಿಯಲ್ಲ.”

“ನೀ ಹೇಳದ್ದು ನಾ ಬರಿಯಂಗಿಲ್ಲ.”

“ಅಬ್ಬಬ್ಬಾ, ಏನ ಕೋರ್ಟೇನ ಇದು!”

ಆದರೂ ಪ್ರಯತ್ನ ಮಾಡಿದಳು. ಕಾಕಾನನ್ನು ಹೊಲಕ್ಕೆ ಕಳಿಸಿ, ಬಾಗಿಲು ಹಾಕಿ, ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಮುಂದೆ ಕುಳಿತಳು. “ನಮಸ್ಕಾರ್ರಿ. ಇದು ಹಾನಗಲ್ಲಿನ…” ಎಂದಳು. ನಿಂತಳು. ಬಾಗಿಲ ಕಡೆ ನೋಡಿದಳು. ಕೆನ್ನೆ ಕೆಂಪಾಯಿತು. “…ಅವರ ಚಟ್ನಿ” ಎಂದು ಮುಗಿಸಿ ಸೆರಗಿನಲ್ಲಿ ಮುಖ ಮುಚ್ಚಿದಳು. ಮತ್ತೆ ತೆಗೆದೆವು. ಮತ್ತೆ ಅದೇ. ನಾಲಿಗೆಯ ತುದಿಗೆ ಬಂದ ಹೆಸರು ಹಲ್ಲಿನ ಹಿಂದೆ ಅಡಗಿ ಕೂರುವುದು ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತಿತ್ತು.

“ಹಂಗಾದ್ರ ನೀ ಹೇಳಕ್ಕ,” ಎಂದೆ ಬಾಜೂ ಮನೆಯ ಅಕ್ಕನಿಗೆ.

ಅವಳು ನಾಲಿಗೆ ಕಚ್ಚಿಕೊಂಡಳು. “ನನ್ನ ಕೈಲೆ ಆಗಂಗಿಲ್ಲವಾ. ನಮ್ಮ ಭಾವನ ಹೆಸರೂ ಅದ!” ಗಂಡನ ಅಣ್ಣನ ಹೆಸರನ್ನೂ ಹೇಳುವಂತಿಲ್ಲ.

ಉಳಿದವಳು ಆಯಿ. ತಾಯಿ ಮಗನ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲ. ಆಯಿ ಕರೆದ ಕೂಡಲೇ ಬಂದಳು, ಹಲ್ಲಿಲ್ಲದ ಬಾಯಿ ಅಗಲ ಮಾಡಿ ಕ್ಯಾಮೆರಾಕ್ಕೆ ನಕ್ಕಳು, ಮಗನ ಹೆಸರನ್ನು ಠೇಂಕಾರದಿಂದ ಹೇಳಿದಳು. ಅದರ ಬೆನ್ನಿಗೇ, ಅವನು ಹುಟ್ಟಿದಾಗಿನಿಂದ ಆ ಹೆಸರಿಗೆ ಅಂಟಿಸಿಕೊಂಡು ಬಂದಿದ್ದ ಬೈಗುಳವನ್ನೂ ಹೇಳಿದಳು. ಬೇರೆ ಮಾಡಿ ಹೇಳು ಎಂದರೆ ಬರಲಿಲ್ಲ. ಆಯಿಗೆ ಅದೆರಡೂ ಸೇರಿ ಒಂದೇ ಹೆಸರು. ನನ್ನ ನಿಯಮದ ಪ್ರಕಾರ ಪೂರಾ ಬರೆಯಬೇಕಿತ್ತು. ಆ ಹೆಸರಿನ ಚಟ್ನಿಯನ್ನು ಯಾರೂ ಮನೆಗೆ ತರಲಾರರು.

“ಅಲ್ಲಾ, ಇಷ್ಟ ಓದೀದಿ, ನೀ ಯಾಕ ಹೇಳವಲ್ಲಿ?” ಎಂದಳು ಚಿಗವ್ವ ಸಿಟ್ಟಿನಿಂದ. “ಹಿಂದ ನಿಂತು ನೀನ ಒಮ್ಮೆ ಹೇಳಿಬಿಡು!”

ಅದೇನು ದೊಡ್ಡ ಮಾತು ಎಂದು ಬಾಯಿ ತೆರೆದೆ. ಕಾಕಾನ ಹೆಸರನ್ನು ನಾನು ಪೊಟ್ಟಣದ ಮೇಲೆ ಎಷ್ಟೋ ಸಲ ನೋಡಿದ್ದೆ. ಆದರೆ ನಾನು ಹುಟ್ಟಿದಾಗಿನಿಂದ ಆ ಹೆಸರು ನನ್ನ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ ಎಂಬುದು ಆಗ ತಿಳಿಯಿತು. ಕಾಕಾ ಅಂದರೆ ಕಾಕಾ. ತೆರೆದ ಬಾಯಿ ಹಾಗೇ ಉಳಿಯಿತು. ಬಾಜೂ ಮನೆಯ ಅಕ್ಕ ಚಪ್ಪಾಳೆ ತಟ್ಟಿ ಕುಣಿದಳು. “ಬಾರವಾ, ನೀನೂ ನಮ್ಮ ಸಾಲಿಗೆ ಬಾ!”

ಇಲ್ಲಿಯೂ ನಾನು ಆ ಹೆಸರು ಬರೆಯುತ್ತಿಲ್ಲ.

ನಾವು ನಗುನಗುತ್ತಲೇ ಸೋತು ಕುಳಿತಿದ್ದಾಗ ಆಯಿ, ಕಾಲು ನೀವಿಕೊಳ್ಳುತ್ತ, “ಒಡಪು ಹಾಕವಾ,” ಎಂದಳು. “ಒಡಪಿನ್ಯಾಗ ಹೆಸರ ಹೇಳಾಕ ಯಾವ ದೇವರ ಅಡ್ಡ ಬರ್ತಾನ?”

ಒಡಪು ಎಂದರೆ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳುವುದು. ಮದುವೆಯಲ್ಲಿ, ಹೊಸ ಸೊಸೆ ಹೊಸ್ತಿಲು ದಾಟುವಾಗ, ಬಸುರಿಗೆ ಆರತಿ ಎತ್ತುವಾಗ, ಗಂಡನ ಹೆಸರು ಹೇಳದೆ ಬಿಡುವುದಿಲ್ಲ. ಹಾಗೇ ಬೋಳು ಹೆಸರು ಹೇಳುವಂತೆಯೂ ಇಲ್ಲ. ಪ್ರಾಸದ ಬುತ್ತಿಯಲ್ಲಿ ಕಟ್ಟಿದರೆ ಆ ಹೆಸರಿನ ಭಾರ ಇಳಿಯುತ್ತದೆ. ಚಿಗವ್ವ ಮದುವೆಯಲ್ಲಿ ಹೇಳಿದ್ದೇ ಕೊನೆಯಂತೆ.

ಕ್ಯಾಮೆರಾ ಚಾಲೂ ಇತ್ತು. ಚಿಗವ್ವ ಬಾಣಲೆ ನೋಡಿದಳು, ಮೊರ ನೋಡಿದಳು, ತುಟಿಯಲ್ಲೇ ಏನೋ ಹೊಂದಿಸಿದಳು. ಆಮೇಲೆ ಎದೆ ಸೆಟೆಸಿ ಅಂದಳು:

“ಅಗಸಿ ಹುರದೆ, ಶೇಂಗಾ ಹುರದೆ, ಹುರದೆ ಗುರೆಳ್ಳ;
ನಮ್ಮ ……ಗ ಚಟ್ನಿ ಇಲ್ಲದ ತುತ್ತ ಒಳಗ ಇಳಿಯಂಗಿಲ್ಲ!”

ಚುಕ್ಕೆಗಳಿರುವಲ್ಲಿ ಕಾಕಾನ ಹೆಸರು ಸ್ವಚ್ಛವಾಗಿ, ಗಟ್ಟಿಯಾಗಿ ಬಂತು. ಎಷ್ಟು ಗಟ್ಟಿಯಾಗಿ ಎಂದರೆ, ಅದೇ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಮನೆಗೆ ಬಂದಿದ್ದ ಕಾಕಾ ಗಾಬರಿಯಿಂದ ಕೂಗಿದ: “ಯಾರದು? ಯಾರ ಕರದವರು?”

ಆಮೇಲೆ ಆದದ್ದನ್ನು ನಾನು ಅಳತೆಯಿಟ್ಟು ಹೇಳಲಾರೆ. ಚಿಗವ್ವ ಮೂಲೆಗೆ ಓಡಿದಳು. ಕಾಕಾ ಬಾಗಿಲಲ್ಲಿ ಬಂದು ನಿಂತ. ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದ್ದೇನೆಂದು ಗೊತ್ತಾಗಿ, ನಗಬೇಕೋ ಗದರಬೇಕೋ ತಿಳಿಯದೆ, ಕೈಯಲ್ಲಿದ್ದ ಕುಡುಗೋಲನ್ನು ಒಮ್ಮೆ ನೋಡಿ, ಬಂದ ದಾರಿಯಲ್ಲೇ ತಿರುಗಿ ಹೋದ. ಬಾಜೂ ಮನೆಯ ಅಕ್ಕನಿಗೆ ತಡೆಯಲಾಗಲಿಲ್ಲ. ಅವಳೂ ಕ್ಯಾಮೆರಾದ ಮುಂದೆ ಬಂದಳು.

“ಸವಣೂರ ಎಲಿಗೆ ಸುಣ್ಣಾ ಹಚ್ಚಿ ಕಟ್ಟೇನಿ ಪಾನಪಟ್ಟಿ;
ಸಿಟ್ಟಿಗೆದ್ರೂ …… ಬಿಡಂಗಿಲ್ಲ ಅಡಗಿಮನಿ ಕಟ್ಟಿ!”

ಕೊನೆಗೆ ಆಯಿ. ಅವಳು ಕುಳಿತಲ್ಲಿಂದ ಏಳಲಿಲ್ಲ. ಕ್ಯಾಮೆರಾ ಅವಳ ಕಡೆ ತಿರುಗಿಸಿದೆ.

“ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿ ಆತು ಗುಂಡಗುಂಡ;
…… ಮ್ಯಾಲ ಹೋದ್ರೂ ಇನ್ನೂ ನನ್ನ ಗಂಡ!”

ಅಜ್ಜ ಹೋಗಿ ಬಹಳ ವರ್ಷಗಳಾಗಿದ್ದವು. ಆದರೂ ಆಯಿಯೇ ಮೊದಲು ನಕ್ಕಳು. ನಕ್ಕು ನನ್ನ ಕಡೆ ಬೆರಳು ಮಾಡಿದಳು. “ಈಕಿ ಒಂದ ಹೇಳಲಿ!”

“ನನಗಿನ್ನೂ ಮದುವಿ ಆಗಿಲ್ಲ, ಆಯಿ.”

“ಮದುವಿ ಆಗಿಲ್ಲ ಖರೆ. ಮನಸಿನ್ಯಾಗ ಒಂದ ಹೆಸರೂ ಇಲ್ಲೇನ?” ಎಂದಳು ಬಾಜೂ ಮನೆಯ ಅಕ್ಕ.

ನಾನು ಸ್ಟ್ಯಾಂಡಿನ ಸ್ಕ್ರೂ ಬಿಗಿ ಮಾಡತೊಡಗಿದೆ. ಅದು ಬಿಗಿಯಾಗಿಯೇ ಇತ್ತು.

ಶಿಗ್ಗಾಂವಿಗೆ ಮರಳಿ ಅದನ್ನೆಲ್ಲ ಆಡಿದ ಹಾಗೇ ಬರೆದೆ. ಹೆಸರುಗಳ ಸಮೇತ, “ಗಂಡಸಿನ ಧ್ವನಿ, ಹೊರಗಿನಿಂದ: ಯಾರದು? ಯಾರ ಕರದವರು?” ಎಂಬುದರ ಸಮೇತ. ನನ್ನ ಮಾತು ಬಂದ ಕಡೆ ಎಂದಿನಂತೆ ಏನೂ ಬರೆಯಲಿಲ್ಲ. ಅವರು ನನಗೆ ಕೇಳಿದ್ದು ಯಾರಿಗೋ ಕೇಳಿದಂತೆ, ಉತ್ತರವಿಲ್ಲದೆ ಉಳಿಯಿತು. ಪುಟ ಹಾಕಿದೆ.

ಮೊದಲು ಏನೂ ಆಗಲಿಲ್ಲ. ಈ ಕೆಲಸದಲ್ಲಿ ಕಾಯುವುದೇ ಹೆಚ್ಚು. ಬಿತ್ತಿದ ಮರುದಿನ ಮಣ್ಣು ಕೆದರಿ ನೋಡುವ ಹಾಗಿಲ್ಲ. ನಾನು ದಿನಾ ಕೆದರಿ ನೋಡಿದೆ. ಚಿಗವ್ವನಿಗೆ ಹೇಳಲಿಲ್ಲ. ಅಷ್ಟರಲ್ಲಿ ಹೊಲದ ಗೋವಿನಜೋಳ ಒಣಗಿತು, ಮುರಿಯಲು ಆಳು ಗೊತ್ತುಮಾಡಿದರು.

ಒಂದು ಭಾನುವಾರ ಬಂಕಾಪುರದ ಬಸ್ ನಿಲ್ದಾಣದಲ್ಲಿ ಕುಳಿತು, ಚಟ್ನಿಯನ್ನು ಬಿಟ್ಟು, ‘ಗಂಡನ ಹೆಸರು ಹೇಳುವ ಒಡಪು’ ಎಂದು ಹುಡುಕಿದೆ. ಸುಮ್ಮನೆ, ಮನಸ್ಸಿಗೆ ಬಂದದ್ದು. ಮೊದಲನೇ ಪುಟದಲ್ಲೇ ಚಿಗವ್ವ ಇದ್ದಳು. ಕೆಳಗಿನಿಂದ ಲೆಕ್ಕ ಹಾಕಿದರೆ ಬೇಗ ಸಿಗುತ್ತಿದ್ದಳು, ಆದರೂ ಇದ್ದಳು. ಅಗಸಿ, ಶೇಂಗಾ, ಗುರೆಳ್ಳು, ಕಾಕಾನ ಹೆಸರು, ಎಲ್ಲ ನಾನು ಟೈಪು ಮಾಡಿದಂತೆಯೇ. ನಾನು ಗಟ್ಟಿಯಾಗಿ ನಕ್ಕೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ಚೀಲವನ್ನು ಅತ್ತ ಎಳೆದುಕೊಂಡಳು.

ತುಳಸಿ ಲಗ್ನ ಮುಗಿದರೆ ನಮ್ಮ ಕಡೆ ಮದುವೆಗಳ ಕಾಲ. ಮದುವೆಗೆ ನಿಂತ ಹುಡುಗಿಯರೆಲ್ಲ ಫೋನಿನಲ್ಲಿ ಒಡಪು ಹುಡುಕುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ನಮ್ಮ ಪುಟ ಮೇಲೆ ಮೇಲೆ ಸರಿಯಿತು. ಚಿಗವ್ವನ ಫೋನು ಹೊಡೆದುಕೊಳ್ಳತೊಡಗಿತು. ಆದರೆ ಬಂದ ಕರೆಗಳು ಹೀಗಿದ್ದವು:

“ಒಡಪಿನ ಅಕ್ಕಾರು ಅದಾರೇನ್ರಿ? ನಾ ಹತ್ತಿಮತ್ತೂರಿಂದ ಮಾತಾಡಾಕತ್ತೇನ್ರಿ. ನಮ್ಮ ಹುಡುಗನ ಹೆಸರಿಗೆ ಪ್ರಾಸ ಕೂಡವಲ್ದರಿ. ಒಂದ ಮಾಡಿಕೊಡ್ರಿ.”

“ಮಾಡಿಕೊಡ್ತೇನವಾ.” ಚಿಗವ್ವ ಅಲ್ಲೇ ನಿಂತು ಮಾಡಿಕೊಟ್ಟಳು. “ಚಟ್ನಿ ಬೇಕೇನು?”

“ಚಟ್ನಿ ಬ್ಯಾಡ್ರಿ. ಒಡಪಷ್ಟ.”

ಕಾಕಾ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದ. “ಚಟ್ನಿ ಅಂಗಡಿ ಮುಚ್ಚಿ ಒಡಪಿನ ಅಂಗಡಿ ತಗೀ. ಒಡಪು ಒಟ್ಟಾಕ ಖೋಲಿ ಬೇಕಾಗಂಗಿಲ್ಲ,” ಎನ್ನುತ್ತಿದ್ದ. ನನ್ನ ಮುಖ ಸಪ್ಪಗಾಗುತ್ತಿತ್ತು. ಜನ ಬಂದರು, ನಾನೇ ಕರೆದೆ. ಆದರೆ ಬೇರೆಯದಕ್ಕೆ ಬಂದರು. ನನ್ನ ಕೆಲಸದಲ್ಲಿ ಇದಕ್ಕಿಂತ ಸಭ್ಯವಾದ ಸೋಲು ಇಲ್ಲ.

ರಾಶಿ ಮನೆಗೆ ಬರುವ ದಿನ ನಾನು ಹಾನಗಲ್ಲಿನಲ್ಲೇ ಇದ್ದೆ. ಚಿಗವ್ವ ಬೆಳಿಗ್ಗೆಯಿಂದ ಖೋಲಿ ಗುಡಿಸುತ್ತಿದ್ದಳು. ಬಾಜೂ ಮನೆಯ ಅಕ್ಕ ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಮಧ್ಯಾಹ್ನ ಫೋನು ಬಂತು. ಚಿಗವ್ವನ ಕೈಯೆಲ್ಲ ಧೂಳಾಗಿದ್ದರಿಂದ ನಾನೇ ಎತ್ತಿ ಸ್ಪೀಕರ್ ಹಾಕಿ ಹಿಡಿದೆ.

“ಒಡಪಿನ ಅಕ್ಕಾರ ಏನ್ರಿ?”

“ಹೌದವಾ, ಹುಡುಗನ ಹೆಸರೇನು?” ಎಂದಳು ಚಿಗವ್ವ ಉತ್ಸಾಹವಿಲ್ಲದೆ.

“ಒಡಪು ನಮ್ಮ ಹುಡುಗಿ ನಿಮ್ಮದನ್ನ ಬಾಯಿಪಾಠ ಮಾಡ್ಯಾಳ್ರಿ, ಅದು ಬ್ಯಾಡ. ನಾ ಹಿರೇಕೆರೂರಿಂದ, ಹುಡುಗಿ ತಾಯಿ. ಮಗಳನ್ನ ಗಂಡನ ಮನಿಗೆ ಕಳಸೂವಾಗ ಬುತ್ತಿ ಕೊಡಬೇಕಲ್ರೀ. ಅಗಸಿ ಹುರದೆ, ಶೇಂಗಾ ಹುರದೆ ಅಂತ ಬರತೈತಲ್ಲ, ಆ ಮೂರೂ ಬೇಕ್ರಿ. ಅವರದು ದೊಡ್ಡ ಮನಿ, ಊರ ತುಂಬ ಮನಿಮನಿಗೆ ಬೀರತಾರ. ರೊಟ್ಟೀನೂ ನೀವ ಮಾಡ್ರಿ.” ಆಮೇಲೆ ಆಕೆ ಕಾಕಾನ ಹೆಸರು ಹಿಡಿದು, “…… ಚಟ್ನಿ ಅಂದ್ರ ನಿಮ್ಮದ ಅಲ್ರೀ?” ಎಂದು ಖಾತ್ರಿ ಮಾಡಿಕೊಂಡಳು.

ಹೆಸರನ್ನು ಚಟ್ನಿಯ ಜೊತೆ ಸೇರಿಸಿ, ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿದ ಮೊದಲ ಬಾಯಿ ಅದು. ಚಿಗವ್ವ ಫೋನಿನ ಮುಂದೆಯೇ ನಾಚಿಕೊಂಡು ತಲೆ ತಗ್ಗಿಸಿದಳು. “ಹೌದ್ರಿ,” ಎಂದಳು. “ಅವರದ.”

ಕರೆ ಮುಗಿದ ಮೇಲೆ ಚಿಗವ್ವ ಕಸಬರಿಗೆಯನ್ನು ಮೂಲೆಗೆ ಎಸೆದಳು. ಬಾಜೂ ಮನೆಯ ಅಕ್ಕ ಡಬ್ಬಿಗಳನ್ನೆಲ್ಲ ಮತ್ತೆ ಬಿಡಿಸಿ ಹರಡಿದಳು. ನಾವು ಮೂವರೂ ಕೈ ಹಿಡಿದುಕೊಂಡು ಆ ಖೋಲಿಯಲ್ಲಿ ತಿರುಗಿದೆವು. ನಾನು ತಿರುಗಿದೆ ಎಂದು ಬರೆಯಲು ಈಗಲೂ ಕೊಂಚ ಸಂಕೋಚ, ಆದರೆ ತಿರುಗಿದೆ.

ಸಂಜೆ ಟ್ರ್ಯಾಕ್ಟರ್ ಬಂತು. ಟ್ರ್ಯಾಲಿಯ ತುಂಬ ಚೀಲ, ಚೀಲದ ಮೇಲೆ ಕಾಕಾ.

“ಖೋಲಿ ತಗೀ. ಚೀಲಾ ಬಂದ್ವು,” ಎಂದ ಮೇಲಿನಿಂದ.

“ಆರ್ಡರೂ ಬಂತು,” ಎಂದಳು ಚಿಗವ್ವ ಕೆಳಗಿನಿಂದ.

“ಒಡಪಿಂದೋ ಚಟ್ನಿದೋ?”

“ಹಿರೇಕೆರೂರ ಮದುವಿ ಮನಿ ಬುತ್ತಿ. ಮೂರೂ ಚಟ್ನಿ, ಖಡಕ್ ರೊಟ್ಟಿ.”

ಕಾಕಾ ನನ್ನ ಕಡೆ ನೋಡಿದ. ನಾನು ತಲೆ ಆಡಿಸಿದೆ. ನಾನು ಸುಳ್ಳು ಹೇಳುವುದಿಲ್ಲವೆಂದು ಅವನಿಗೆ ಗೊತ್ತು.

“ಹಂಗಾದ್ರ ಈ ಚೀಲಾ ನನ್ನ ತಲಿ ಮ್ಯಾಲ ಒಟ್ಟಲೇನು? ಅರ್ಧಾ ಖೋಲಿ ಕೊಡು.”

“ಮಾತಂದ್ರ ಮಾತ್ರೀ.”

ಬಾಜೂ ಮನೆಯ ಅಕ್ಕ ಕಂಪೌಂಡಿನ ಆಚೆಯಿಂದ ಕೂಗಿದಳು: “ಯಕ್ಕಾ, ನಿಮ್ಮ ಹೆಸರ ಹೇಳಿ ಕೇಳಿದ್ರ ಕೊಡ್ರಿ!”

ಕಾಕಾ ಚಿಗವ್ವನನ್ನು “ಏ” ಎನ್ನುತ್ತಾನೆ, “ಇಕಿ” ಎನ್ನುತ್ತಾನೆ, ದೂರ ಇದ್ದರೆ “ಕೇಳಾಕತ್ತೀಯೇನ” ಎನ್ನುತ್ತಾನೆ. ಹೆಸರು ಹಿಡಿದದ್ದು ನಾನು ಕೇಳಿಲ್ಲ. ಅವನ ಕಿವಿ ಕೆಂಪಾದವು. ಟ್ರ್ಯಾಕ್ಟರ್ ನಡೆಸುವವನು ಇಂಜಿನ್ ಬಂದ್ ಮಾಡಿ ಆರಾಮಾಗಿ ಒರಗಿದ. ಆಯಿ ಕೋಲು ಊರಿಕೊಂಡು ಹೊಸ್ತಿಲಿಗೆ ಬಂದಳು. ನಾನು ಫೋನು ಎತ್ತಿ ಹಿಡಿದೆ. ಕಾಕಾ ಚೀಲದ ಮೇಲೆ ಎದ್ದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, ಆಕಾಶ ನೋಡುತ್ತ ಅಂದ:

“ಗೋವಿನಜೋಳಾ ತುಂಬಿ ತಂದೆ, ಟ್ರ್ಯಾಲಿ ತುಂಬ ರಾಶಿ;
…… ಖೋಲಿ ಕೊಡದಿದ್ರ ನಾ ಹೊಂಟೆ ಕಾಶಿ!”

ಚಿಗವ್ವನ ಹೆಸರು ಓಣಿಯ ಆ ತುದಿಗೆ ಕೇಳಿಸಿರಬೇಕು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಖೋಲಿ ಹೋಯಿತು ಎಂದುಕೊಂಡೆ, ಅಂಥ ಮುಖ ಇತ್ತು ಅವಳದು. ಆಮೇಲೆ ಸೆರಗು ತೆಗೆದು, ಬಹಳ ಮೆತ್ತಗೆ ಅಂದಳು:

“ಹೋಗಿ ಬರ್ರಿ. ಬುತ್ತಿ ಕಟ್ಟಿಕೊಡ್ತೇನಿ. ಚಟ್ನಿ ಐತಿ.”

“ಕಾಶಿಗೆ ಹೋಗಾಂವ ಮದಲ ಚೀಲಾ ಇಳಸು,” ಎಂದಳು ಆಯಿ. “ಪಡಸಾಲ್ಯಾಗ ಒಟ್ಟು. ಟಿವಿ ನೋಡಾಕ ಅದರ ಮ್ಯಾಲ ಕುಂದರು.”

ಕಾಕಾನಿಗೂ ನಗು ತಡೆಯಲಾಗಲಿಲ್ಲ. ಚೀಲಗಳೆಲ್ಲ ಪಡಸಾಲೆಗೆ ಹೋದವು. ಖೋಲಿಯ ಬಾಗಿಲು ಚಿಗವ್ವನದಾಗಿಯೇ ಉಳಿಯಿತು.

ಮರುದಿನ ಬೆಳಿಗ್ಗೆ, ಬಾಣಲೆ ಏರುವ ಮೊದಲೇ ನಾನು ಎದ್ದು, ಪಡಸಾಲೆಯ ಒಂದು ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಿಂದಿನ ಸಂಜೆಯ ವಿಡಿಯೊ ಬರೆಯಲು ಕುಳಿತೆ. ಕಾಕಾ ಆಡಿದ್ದು, ಚಿಗವ್ವ ಆಡಿದ್ದು, ಆಯಿ ಆಡಿದ್ದು, ಹೆಸರುಗಳ ಸಮೇತ ಬರೆದೆ. ವಿಡಿಯೊದ ಕೊನೆಯಲ್ಲಿ ಚಿತ್ರ ಅಲ್ಲಾಡುತ್ತದೆ. ಹಿಂದಿನಿಂದ ಒಂದು ಹೆಣ್ಣಿನ ಧ್ವನಿ ನಗುತ್ತದೆ, ನಿಲ್ಲಿಸಲಾಗದೆ ನಗುತ್ತದೆ, “ಕಾಕಾ, ಇನ್ನೊಮ್ಮೆ ಹೇಳು, ಫೋನ್ ಅಲ್ಲಾಡಿತು” ಎನ್ನುತ್ತದೆ. ಅಷ್ಟು ದಿನ ಆ ಧ್ವನಿ ಬಂದಲ್ಲೆಲ್ಲ ನಾನು ಹಾರಿಸಿ ಮುಂದೆ ಹೋಗುತ್ತಿದ್ದೆ. ಆವತ್ತು ಮತ್ತೊಮ್ಮೆ ಕೇಳಿದೆ. ‘ಅಣ್ಣನ ಮಗಳು’ ಎಂದು ಟೈಪು ಮಾಡಿ, ಮುಂದೆ ಒಂದರ ಕೆಳಗೊಂದು ಎರಡು ಚುಕ್ಕೆ ಇಟ್ಟು, ಜಾಗ ಬಿಟ್ಟೆ. ಚಿಟ್ ಎಂದಿತು. ಅವಳು ಆಡಿದ್ದನ್ನೂ, ನಕ್ಕಿದ್ದನ್ನೂ ಬರೆದು, ಪುಟ ಹಾಕಿ, ಶಿಗ್ಗಾಂವಿಯ ಬಸ್ಸಿಗೆ ಹೋಗುವ ಮೊದಲು ಅಗಸಿ ಹುರಿಯಲು ಕುಳಿತೆ.